ಹಿಡಿಕೆ ಇರುವ ಕಂಪ್ಯೂಟರ್

ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿಗೆ ಕೋರ್ಟಿನಲ್ಲಿ ಆಗಷ್ಟೇ ವಿಚ್ಛೇದನ ಆಗಿತ್ತು. ಒಂದೇ ಮೊಬೈಲಿಗೆ ತಲೆ ಬಗ್ಗಿಸಿ, ಮಗಳ ಗೇಮಿಂಗ್ ಕಂಪ್ಯೂಟರಿಗೆ ಬಿಡಿಭಾಗ ಆರಿಸುತ್ತಿದ್ದರು.

“ಈ ಗ್ರಾಫಿಕ್ಸ್ ಕಾರ್ಡ್ ಚೆನ್ನಾಗೈತೆ, ಭಾನು.”

“ಅಳತೆ ನೋಡ್ದೆ ಆಸೆಪಡೋದು ಬಿಡಲ್ವಲ್ಲ ನೀವು. ಅವಳು ಕೇಳಿರೋ ಚಿಕ್ಕ ಕ್ಯಾಬಿನೆಟ್ ಡಬ್ಬೀಲಿ ಕೂರಲ್ಲ ಕಣ್ರೀ ಅದು.”

“ದೊಡ್ಡದೇ ತಗೊಳ್ಳಾನ. ಸೂಲಿಬೆಲೇಲಿ ನಿನ್ನ ಹತ್ರಾನೇ ಇರ್ಲಿ.”

“ಮಗಳು ಕುಂದಾಣಕ್ಕೆ ನಿಮ್ಮನೆಗೆ ಬಂದಾಗ?”

“ಅಲ್ಲಿಗೆ ಇನ್ನೊಂದು ಕೊಡಿಸ್ತೀನಿ.”

“ಬೇಡ್ವಂತೆ. ಹೊತ್ಕೊಂಡು ಓಡಾಡಕ್ಕೆ ಹಿಡಿಕೆ ಇರೋದು ಒಂದೇ ಸಾಕಂತೆ.”

“ಯಾಕಂತೆ?”

“‘ಮನೆ ಎರಡಾಯ್ತಲ್ಲಮ್ಮ, ಇದಾದ್ರೂ ಒಂದೇ ಇರ್ಲಿ’ ಅಂದ್ಲು.”

ಸೂಲಿಬೆಲೆ ಬಸ್ ಬಂತು. ಆಕೆ ಎದ್ದರು.

“ಹಿಡಿಕೆ ಗಟ್ಟಿಯಾಗಿರೋದು ನೋಡು,” ಅಂದು ಆತ ಕುಂದಾಣದ ಬಸ್ಸಿನತ್ತ ನಡೆದರು.