ನಲವತ್ತೊಂದನೇ ನಂಬರಿನ ಹೆಲ್ಮೆಟ್

ವಯಸ್ಸು ಮೂವತ್ತನಾಲ್ಕು, ವೃತ್ತಿ ಪೊಲೀಸ್ ಪೇದೆ, ವಾಸ ಪೊಲೀಸ್ ವಸತಿಗೃಹದ ಎರಡನೇ ಮಹಡಿ, ಮೃತ ಪೇದೆಯ ಪಕ್ಕದ ಮನೆ. ಯಾರೂ ಕರೆಸದೆ ನಾನಾಗಿಯೇ ಈ ದಿನ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ:

ನಾನೂ ಮೃತನೂ ಒಂದೇ ತಂಡದಲ್ಲಿ ತರಬೇತಿ ಮುಗಿಸಿದವರು. ಅವನ ತಲೆ ದೊಡ್ಡದಿದ್ದುದರಿಂದ ಎಲ್ಲರೂ ಅವನನ್ನು ಬುರುಡೆ ಎಂದು ಕರೆಯುತ್ತಿದ್ದೆವು. ಸೇವಾ ದಾಖಲೆಯಲ್ಲಿ ಈ ಹೆಸರಿಲ್ಲದಿದ್ದರೂ ಕರೆದರೆ ಓಗೊಡುತ್ತಿದ್ದನು.

ಗಲಭೆ ನಡೆದ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮನ್ನು ವ್ಯಾನಿನಲ್ಲಿ ಮಾರುಕಟ್ಟೆ ಚೌಕಕ್ಕೆ ಕರೆದೊಯ್ದರು. ಅವನಿಗೆ ಕೊಟ್ಟ ಹೆಲ್ಮೆಟ್ಟಿನ ಸಂಖ್ಯೆ 41, ನನ್ನದು 67. ತನ್ನದು ಕಿವಿ ಹಿಂಡುತ್ತಿದೆ ಎಂದು ಅವನು ಹೇಳಿದನು. ನನ್ನದು ಸಡಿಲವಾಗಿತ್ತು. ವ್ಯಾನಿನಲ್ಲೇ ಅದಲು ಬದಲು ಮಾಡಿಕೊಂಡೆವು. "ನಿನ್ನ ತಲೇಲಿ ಜಾಗ ಖಾಲಿ ಇದೆ ಅಂತ ಗೊತ್ತಿತ್ತು, ಹೆಲ್ಮೆಟ್ಟಲ್ಲೂ ಖಾಲಿನಾ?" ಎಂದು ಅವನು ನಕ್ಕಿದ್ದರಿಂದ ಈ ವಿಷಯ ನನಗೆ ಸ್ಪಷ್ಟವಾಗಿ ನೆನಪಿದೆ. ಇಂಥ ಬದಲಾವಣೆಯನ್ನು ಮೇಲಿನವರಿಗೆ ತಿಳಿಸುವ ರೂಢಿ ನಮ್ಮಲ್ಲಿಲ್ಲ.

ನಾಲ್ಕೂಕಾಲು ಗಂಟೆಗೆ, ಚಪ್ಪಲಿ ಅಂಗಡಿಯ ಮುಂದೆ ನಿಂತಿದ್ದಾಗ, ಹಿಂದಿನಿಂದ ಬಂದ ಕಲ್ಲು ನನ್ನ ತಲೆಯ ಎಡಭಾಗಕ್ಕೆ ಬಡಿಯಿತು. ಹೆಲ್ಮೆಟ್ ತಗ್ಗಾಗಿ, ಬಿರುಕುಬಿಟ್ಟು, ಕಿವಿಯ ಹಿಂದೆ ಚರ್ಮ ಕತ್ತರಿಸಿತು. ನಾನು ಬಿದ್ದೆನು. ಬುರುಡೆ ನನ್ನ ಬೆಲ್ಟ್ ಹಿಡಿದು ಅಂಗಡಿಯ ಷಟರ್ ತನಕ ಎಳೆದುಕೊಂಡು ಹೋದನು. ಕಣ್ಣು ಮುಚ್ಚಬೇಡ, ಬೇಕಾದರೆ ನನ್ನನ್ನೇ ಬೈಯುತ್ತಿರು ಎಂದು ಹೇಳಿದನು. ಆಂಬುಲೆನ್ಸ್ ಬರುವವರೆಗೂ ನಾನು ಅವನನ್ನು ಬೈದೆನು.

ಅದೇ ಸಂಜೆ ಏಳು ಗಂಟೆಗೆ ಅವನು ಆಸ್ಪತ್ರೆಗೆ ಬಂದನು. ಬಿರುಕುಬಿಟ್ಟ ಹೆಲ್ಮೆಟ್ ಅವನ ಕಂಕುಳಲ್ಲಿತ್ತು. ತನ್ನ ನಂಬರಿನದಾದ್ದರಿಂದ ತಾನೇ ಹಿಂದಿರುಗಿಸಬೇಕು ಎಂದನು. "ನಿನ್ನ ತಲೆ ವಾಸಿಯಾಗುತ್ತೆ ಕಣೋ. ಇದಕ್ಕೆ ಸ್ಟೋರಿನವನು ನನ್ನ ತಲೆ ತಿಂತಾನೆ" ಎಂದನು. ಕಣ್ಣು ಉರಿಯುತ್ತಿದೆಯೆಂದು ವಾರ್ಡಿನ ನಲ್ಲಿಯಲ್ಲಿ ತಲೆ ತೊಳೆದುಕೊಂಡು, ನನ್ನ ಹಾಸಿಗೆಯ ಪಕ್ಕ ಕುಳಿತು ಒರೆಸಿಕೊಂಡನು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವನ ತಲೆಯ ಮೇಲೆ ಗಾಯವಾಗಲಿ ಬಾವಾಗಲಿ ನನಗೆ ಕಾಣಲಿಲ್ಲ. ತಲೆ ಭಾರವಾಗಿದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಹೇಳಿ ನನಗೆ ಕೊಟ್ಟಿದ್ದ ಬ್ರೆಡ್ ತಿಂದು ಹೋದನು.

ಮರುದಿನ ಬೆಳಿಗ್ಗೆ ಠಾಣೆಯ ಮೆಟ್ಟಿಲಲ್ಲಿ ಕುಸಿದುಬಿದ್ದು, ಮಧ್ಯಾಹ್ನ ತೀರಿಕೊಂಡನು. ನನಗೆ ತಿಳಿಸಬಾರದೆಂದು ವೈದ್ಯರು ಹೇಳಿದ್ದರಿಂದ ಆರನೇ ದಿನದವರೆಗೂ ನನಗೆ ಗೊತ್ತಾಗಲಿಲ್ಲ. ಅವನು ಯಾಕೆ ಬರುತ್ತಿಲ್ಲವೆಂದು ದಿನವೂ ನರ್ಸಮ್ಮನನ್ನು ಕೇಳುತ್ತಿದ್ದೆನು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತಂತೆ. ಕಲ್ಲೇಟಿನಿಂದ ಎಂದು ಇಲಾಖೆಯವರು, ನಮ್ಮದೇ ಅಶ್ರುವಾಯುವಿನಿಂದ ಎಂದು ಚೌಕದ ಜನ, ಮೊದಲೇ ಇದ್ದ ರಕ್ತದೊತ್ತಡದಿಂದ ಎಂದು ಆರೋಪಿಯ ವಕೀಲರು ಹೇಳುತ್ತಾರೆ. ನಿಜವಾದ ಕಾರಣ ನಾನು ಬಲ್ಲವನಲ್ಲ.

ಕೊಲೆ ಆರೋಪದ ಮೇಲೆ ಬಂಧಿತನಾಗಿರುವ ಪಂಕ್ಚರ್ ಅಂಗಡಿಯ ಯುವಕ ಕಲ್ಲೆಸೆಯುವ ವಿಡಿಯೊವನ್ನು ನಾನು ನೋಡಿದ್ದೇನೆ. ಕಲ್ಲು ಬಿದ್ದ ಹೆಲ್ಮೆಟ್ಟಿನ ಹಿಂದೆ 41 ಎಂದು ಕಾಣುತ್ತದೆ. ಮುಖ ಕಾಣುವುದಿಲ್ಲ. ಅದು ನಾನು. ಆ ಯುವಕ ಎಸೆದದ್ದು ನಿಜ. ಅದಕ್ಕೆ ಎಷ್ಟು ಶಿಕ್ಷೆಯೋ ಅಷ್ಟಾಗಲಿ. ಆದರೆ ಆ ಏಟು ತಿಂದವನು ಬದುಕಿದ್ದಾನೆ.

ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದವನು ಮೃತನ ತಾಯಿಯನ್ನು ಕಾಣಲು ಹೋದೆನು. ಶವಪೆಟ್ಟಿಗೆಯ ಮೇಲೆ ಇಟ್ಟಿದ್ದ 41ನೇ ಹೆಲ್ಮೆಟ್ಟನ್ನು, ವಿಚಾರಣೆಗೆ ಬೇಕಾದಾಗ ತರಬೇಕೆಂಬ ಷರತ್ತಿನ ಮೇಲೆ ಅವರಿಗೆ ಕೊಡಲಾಗಿತ್ತು. ಅದು ಅವರ ಮಡಿಲಲ್ಲಿತ್ತು. ಒಳಗಿನ ಸ್ಪಂಜಿಗೆ ರಕ್ತ ಒಣಗಿ ಅಂಟಿತ್ತು. ಮಗನದೆಂದು ತೊಳೆದಿಲ್ಲ ಎಂದು ಅವರು ಹೇಳಿದರು. ಆ ರಕ್ತ ನನ್ನದೆಂದು ಹೇಳಿ, ವ್ಯಾನಿನಲ್ಲಿ ನಡೆದದ್ದನ್ನು ತಿಳಿಸಿದೆನು. ಅಲ್ಲಿದ್ದ ಮೃತನ ಸೋದರಮಾವ ಎದ್ದು ನಿಂತು, "ಎಳ್ಕೊಂಡು ಹೋಗಿ ನಿನ್ನ ಜೀವ ಉಳಿಸ್ದೋನಿಗೆ ಇದೇನಾ ನೀನು ತೀರಿಸೋ ಋಣ?" ಎಂದು ಕೇಳಿದನು.

ತಾಯಿ ಅವನನ್ನು ಸುಮ್ಮನಿರಿಸಿದರು. ನನ್ನನ್ನು ಹತ್ತಿರ ಕರೆದು, ನನ್ನ ಬ್ಯಾಂಡೇಜಿನ ಜಾಗವೂ ಹೆಲ್ಮೆಟ್ಟಿನ ಬಿರುಕೂ ಒಂದೇ ಕಡೆ ಬರುತ್ತವೆಯೇ ಎಂದು ಕೈಯಿಂದ ಮುಟ್ಟಿ ನೋಡಿದರು. ತುಂಬ ನೋವಾಯಿತೇ ಎಂದು ಕೇಳಿದರು. ಹೌದೆಂದೆನು. ಆಮೇಲೆ, "ಆ ಹುಡುಗನ್ನ ಹೆತ್ತೋಳಿಗೆ ದಿನಾ ಎದ್ದ ತಕ್ಷಣ ಹಿಡಿಶಾಪ ಹಾಕ್ತಿದ್ದೆ ಕಣಪ್ಪಾ. ನಿನ್ನ ಮಗನೂ ಹೀಗೇ ಹೋಗ್ಲಿ ಅಂತ. ವಾಪಸ್ ತಗೊಂಡೆ ಅಂತ ಅವಳಿಗೆ ಹೇಳ್ಬಿಡು. ಬೆಳಿಗ್ಗೆ ಏಳೋಕೆ ಅದೊಂದಾದ್ರೂ ಇತ್ತು" ಎಂದರು. ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಆ ಹೆಲ್ಮೆಟ್ಟನ್ನು ಈ ಹೇಳಿಕೆಯೊಂದಿಗೆ ಒಪ್ಪಿಸಿದ್ದೇನೆ. ಸ್ಪಂಜಿನಲ್ಲಿರುವ ರಕ್ತವನ್ನು ನನ್ನ ರಕ್ತದೊಂದಿಗೆ ಹೋಲಿಸಿ ಪರೀಕ್ಷಿಸಬೇಕೆಂದು ಕೋರುತ್ತೇನೆ. ಆರೋಪಿಯ ತಾಯಿಯನ್ನು ಸಾಕ್ಷಿಯಾದ ನಾನು ಭೇಟಿಯಾಗುವುದು ಸರಿಯಲ್ಲವಾದ್ದರಿಂದ, ಮೇಲೆ ಹೇಳಿದ ಮಾತನ್ನು ಠಾಣೆಯಿಂದ ಯಾರಾದರೂ ಖುದ್ದಾಗಿ ಹೋಗಿ ಆಕೆಗೆ ತಿಳಿಸಬೇಕು. ಬೆಳಿಗ್ಗೆಯೇ ಹೋದರೆ ಒಳ್ಳೆಯದು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ. ಸೇರಿಸುವುದಾಗಲಿ ತೆಗೆಯುವುದಾಗಲಿ ಏನೂ ಇಲ್ಲ.

ಸ್ಥಳ: ಮಾರುಕಟ್ಟೆ ಠಾಣೆ
ದಿನಾಂಕ: ಗಲಭೆಯ ನಂತರದ ಹದಿನೈದನೇ ದಿನ, ಗುರುವಾರ
ಸಹಿ: (ಪೇದೆ, ಹೇಳಿಕೆ ಕೊಟ್ಟವನು)