ತಿದಿ ಕೋಣೆ

ಬಾವಿ ಹತ್ತಿರ ಬಂದಾಗಲೇ ನಿಮ್ಮ ಭಾವನಿಗೆ ಆ ಸದ್ದು ಕೇಳಿಸಿದ್ದಂತೆ.

ಇಲ್ಲೇ ಕೂತ್ಕೋ, ಬಾಗಿಲ ಹತ್ತಿರ. ದೀಪ ಬೇಡ. ಅವರು ಒಳಗೆ ಈಗ ತಾನೇ ಮಲಗಿದ್ದಾರೆ, ಪಕ್ಕದ ರೂಮಲ್ಲಿ ನನ್ನ ನಾದಿನಿ ಇದ್ದಾಳೆ. ಇದು ಪೂರ್ತಿ ಅವರಿಬ್ಬರಿಗೂ ಗೊತ್ತಿಲ್ಲ. ನೀನು ಒಡಹುಟ್ಟಿದವಳು ಅಂತ ಹೇಳ್ತಿದ್ದೀನಿ. ಕೇಳಿಸಿಕೊಂಡು ಬೆಳಿಗ್ಗೆ ಅಮ್ಮನ ಕಿವಿ ಊದಬೇಡ, ಅಕ್ಕನಿಗೆ ತಲೆ ಕೆಟ್ಟಿದೆ ಅಂತ.

ರಾತ್ರಿ ಒಂದೂವರೆ ಇರಬಹುದು. ಇವರೂ ನಾದಿನೀನೂ, ಅಣ್ಣ ತಂಗಿ ಇಬ್ಬರೇ ನಡೆದುಕೊಂಡು ಬರ್ತಿದ್ದಾರೆ. ಹಳೇ ಸಭಾಂಗಣದ ಹಿಂದಿನ ಗಲ್ಲಿ... ಅದರ ತಿರುವಿನಲ್ಲಿ ಒಂದು ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿರೋದು. ಅಲ್ಲಿ. ಬೀದಿದೀಪ ಒಂದೇ. ಅವಳ ಕೈಲಿ ಕೊಳಲಿನ ಪೆಟ್ಟಿಗೆ, ಇವರ ಹೆಗಲ ಮೇಲೆ ವೈರಿನ ಸುರುಳಿ. ಹಿಂದಿನಿಂದ ಬಂತಂತೆ.

ಕಿರ್ರ್ರ್... ಧಪ್.

ಸ್ವಲ್ಪ ಬಿಟ್ಟು ಮತ್ತೆ... ಕಿರ್ರ್ರ್... ಧಪ್.

ನಿಮ್ಮ ಭಾವ ಗಕ್ಕನೆ ನಿಂತರು. ವಾರವಿಡೀ ಕೇಳಿದ್ದ ಸದ್ದು. ಸಭಾಂಗಣದಲ್ಲಿರೋ ದೊಡ್ಡ ಆರ್ಗನ್ನಿನ ತಿದಿ ಒತ್ತೋ ಸದ್ದು. ಆದರೆ ಅಲ್ಲಿ ತಿದಿ ಒತ್ತೋಕೆ ಆಗ ಯಾರೂ ಇರಲಿಲ್ಲ.

ತಾಳು, ಮೊದಲಿಂದ ಹೇಳ್ತೀನಿ. ಇಲ್ಲದಿದ್ರೆ ನಿನಗೆ ತಲೆಬುಡ ಗೊತ್ತಾಗಲ್ಲ.

ನಿಮ್ಮ ಭಾವನ ಬ್ಯಾಂಡಿನ ಹುಚ್ಚು ನೀನು ನೋಡಿದ್ದೀಯ. ಹಗಲು ವಾದ್ಯ ರಿಪೇರಿ ಅಂಗಡಿ, ಸಂಜೆ ಆದರೆ ದೆವ್ವದ ಹಾಡು. ಐವತ್ತು ವರ್ಷದ ಹಿಂದಿನ ಥರದ ಹೆವಿ ರಾಕ್ ಅಂತೆ. ಗಿಟಾರು ಗುರುಗುಟ್ಟಬೇಕು, ಡ್ರಮ್ಮು ನಿಧಾನಕ್ಕೆ ಗುದ್ದಬೇಕು, ಹಿಂದೆ ಆರ್ಗನ್ ಗೋಳಾಡಬೇಕು, ಅದರ ಮೇಲೆ ಕೊಳಲು. ಹಾಡಲ್ಲಿ ಬರೀ ಮಾಟ, ಮಂತ್ರ, ಸ್ಮಶಾನ. ಆರ್ಗನ್ ಇವರದು. ಕೊಳಲೂ ಹಾಡೂ ನಾದಿನಿದು. ಗಿಟಾರು ಮೂಲೆ ಕಟಿಂಗ್ ಶಾಪಿನವನು, ಡ್ರಮ್ಮು ಬೇಕರಿಯವನು. ನಾಲ್ಕು ಜನಕ್ಕೂ ಕರಿ ನಿಲುವಂಗಿ ಹೊಲಿದುಕೊಟ್ಟವಳು ನಾನೇ, ಹಳೇ ಕಿಟಕಿ ಪರದೇಲಿ. ಹಾಕ್ಕೊಂಡು ನಿಂತರೆ ಮಂತ್ರವಾದಿಗಳ ಥರ ಎಲ್ಲಿ ಕಾಣ್ತಿದ್ರು, ಮಳೇಲಿ ನೆಂದ ಕಾಗೆಗಳ ಥರ ಕಾಣ್ತಿದ್ರು. ದೆವ್ವ ಭೂತ ಯಾವುದನ್ನೂ ನಂಬದ ನಾಲ್ಕು ಜನ ಕಣೇ. ಕತ್ತಲಲ್ಲಿ ನಾನು ಹೆದರಿದ್ರೆ ನಗ್ತಿದ್ರು.

ಹೋದ ವರ್ಷ ಒಂದು ಆಲ್ಬಂ ಮಾಡ್ತೀವಿ ಅಂತ ಹೊರಟರು. ಹಳೇ ಕಾಲದ ಥರಾನೇ ಆಗಬೇಕಂತೆ. ಕಂಪ್ಯೂಟರ್ ಬೇಡ, ಟೇಪಿನ ಮೇಲೇ ಆಗಬೇಕು, ಎಲ್ಲರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ಬಾರಿಸಬೇಕು. ಆರ್ಗನ್ನೂ ಅಸಲಿ ಆಗಬೇಕು, ಕೊಳವೆಗಳಿರೋ ದೊಡ್ಡದು. ಅದು ಇರೋದು ಆ ಸಭಾಂಗಣದಲ್ಲಿ ಮಾತ್ರ. ಹಗಲು ಬೀದಿ ಗಾಡಿಗಳ ಸದ್ದು ಒಳಗೆ ಬರುತ್ತೆ ಅಂತ ರಾತ್ರಿ ಹೊತ್ತು ಕೂರ್ತಿದ್ರು.

ಆ ಆರ್ಗನ್ನಿಗೆ ಗಾಳಿ ಬೇಕು. ನೂರಾರು ಕೊಳವೆ, ಅಷ್ಟಕ್ಕೂ ಊದಬೇಕು. ಊದೋ ಮೋಟಾರು ಎಂದೋ ಸುಟ್ಟುಹೋಗಿದೆ. ಅದಕ್ಕೂ ಮುಂಚೆ ಕೈಯಲ್ಲೇ ಒತ್ತುತ್ತಿದ್ದರಂತೆ. ಹಿಂದುಗಡೆ ಒಂದು ಕತ್ತಲೆ ಕೋಣೆ, ಒಬ್ಬ ನಿಲ್ಲೋಷ್ಟು ಜಾಗ. ಕಮ್ಮಾರನ ಹತ್ತಿರ ಇರುತ್ತಲ್ಲ, ಅಂಥದ್ದೇ ತೊಗಲಿನ ತಿದಿ, ಅದರ ಹತ್ತರಷ್ಟು. ಅದಕ್ಕೊಂದು ಉದ್ದನೆ ಮರದ ಹಿಡಿ. ಮೇಲೆತ್ತಿದರೆ ಕಿರ್ರ್, ಕೆಳಗೊತ್ತಿದರೆ ಧಪ್.

ಒತ್ತೋದಕ್ಕೆ ಒಂದು ಕ್ರಮ ಇದೆ. ಬಾರಿಸೋನಿಗೂ ಒತ್ತೋನಿಗೂ ಒಬ್ಬರಿಗೊಬ್ಬರು ಕಾಣಲ್ಲ. ಅದಕ್ಕೆ ಮಧ್ಯೆ ಒಂದು ದಾರ, ದಾರದ ತುದಿಗೆ ಪುಟ್ಟ ಗಂಟೆ. ಒಂದು ಸಲ ಎಳೆದರೆ ಶುರು ಮಾಡು ಅಂತ. ಎರಡು ಸಲ ಎಳೆದರೆ ಸಾಕು ಅಂತ. ಆ ಎರಡು ಸಲ ಆಗೋ ತನಕ ಹಿಡಿ ಬಿಡೋ ಹಾಗಿಲ್ಲ. ಮಧ್ಯೆ ಕೈ ಸೋತರೆ ಹೊಸಬ ಬಂದು ಹಳಬನ ಕೈ ಪಕ್ಕ ಕೈ ಇಡಬೇಕು. ಇಬ್ಬರೂ ಸೇರಿ ಎರಡು ಸಲ ಒತ್ತಬೇಕು, ಆಮೇಲೇ ಹಳಬ ಕೈ ತೆಗೆಯೋದು. ಗಾಳಿ ಕಡಿಯಬಾರದು ಅಂತ.

ತಿದಿ ಒತ್ತೋಕೆ ಒಪ್ಪಿಕೊಂಡವರು ಬೇಕರಿಯವನ ಅಪ್ಪ. ಬಸ್ ಓಡಿಸಿ ರಿಟೈರ್ ಆದವರು, ನಾವೆಲ್ಲ ಡ್ರೈವರ್ ಮಾವ ಅಂತೀವಿ. ಸಭಾಂಗಣದ ಬೀಗದ ಕೈ ಇರೋದೂ ಅವರ ಹತ್ತಿರಾನೇ.

ಆವತ್ತು ಕೊನೇ ಹಾಡು. ಹನ್ನೊಂದು ನಿಮಿಷದ್ದು. ಕತ್ತಲೆಯವನನ್ನ ಕರೆಯೋ ಹಾಡಂತೆ. ಮಧ್ಯೆ ವಾದ್ಯ ಎಲ್ಲ ನಿಂತು ಆರ್ಗನ್ ಒಂದೇ ಉಳಿದಾಗ ನಾದಿನಿ ಮೂರು ಸಲ ಒಂದು ಸಾಲು ಹೇಳಬೇಕು. "ನನ್ನುಸಿರು ನಿನ್ನ ಕೈಗೆ ಕೊಟ್ಟೆ, ಸಾಕು ಅನ್ನೋವರೆಗೆ ಬಿಡಬೇಡ." ನಿಮ್ಮ ಭಾವ ಬರೆದದ್ದು. ಇದೇ ಮನೇಲಿ, ಅಡುಗೆಮನೆ ಕಟ್ಟೆ ಮೇಲೆ ಕೂತು, ಬಿಸ್ಕತ್ತು ತಿಂತಾ. ಓದಿ ತೋರಿಸಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಹಾಡು ಚೆನ್ನಾಗಿ ಬಂತಂತೆ. ಒಂದು ಸ್ವರ ತಪ್ಪಲಿಲ್ಲ. ಕೊನೇಲಿ ಆರ್ಗನ್ ಉದ್ದಕ್ಕೆ ಎಳೆದು ಸಣ್ಣಗಾಗ್ತಾ ಹೋಗಿ ನಿಲ್ಲಬೇಕು. ನಿಂತಿತು. ಟೇಪ್ ಇನ್ನೂ ಸುತ್ತುತ್ತಾ ಇದೆ. ಯಾರೂ ಉಸಿರೆತ್ತೋ ಹಾಗಿಲ್ಲ. ಇವರು ಎರಡು ಸಲ ಗಂಟೆ ಎಳೀಬೇಕಿತ್ತು... ಎಳೀಲಿಲ್ಲ. ಆ ಟಿಣ್ ಟಿಣ್ ಟೇಪಿಗೆ ಬಿದ್ದರೆ ಹನ್ನೊಂದು ನಿಮಿಷ ನೀರಲ್ಲಿ ಹೋಮ. ಅರ್ಧ ನಿಮಿಷ ಬಿಟ್ಟು ಕಟಿಂಗ್ ಶಾಪಿನವನು ಟೇಪ್ ನಿಲ್ಲಿಸಿದ. ಆಮೇಲೆ ತಬ್ಬಿಕೊಂಡಿದ್ದೇನು, ಕುಣಿದಿದ್ದೇನು. ಗಂಟೆ ಮರೆತೇ ಹೋಯ್ತು. ಆ ಗಲಾಟೇಲಿ ಹಿಂದೆ ತಿದಿ ಇನ್ನೂ ಆಡ್ತಿರೋದು ಯಾರ ಕಿವಿಗೂ ಬೀಳಲಿಲ್ಲ.

ಸಾಮಾನು ಕಟ್ಟಿ ಹೊರಗೆ ಬಂದರೆ ಡ್ರೈವರ್ ಮಾವ ಮೆಟ್ಟಿಲ ಮೇಲೆ ಕೂತು ಕುತ್ತಿಗೆ ಒರೆಸಿಕೊಳ್ತಿದ್ದರಂತೆ. ಅರ್ಧ ಹಾಡಿಗೇ ತೋಳು ಬಿದ್ದುಹೋಯ್ತಪ್ಪ, ಸದ್ಯ ಯಾರೋ ಬಂದು ಪಕ್ಕ ಕೈ ಇಟ್ಟರು, ಕ್ರಮ ಗೊತ್ತಿದ್ದವರು, ಎರಡು ಸಲ ಒತ್ತಿ ಬಿಟ್ಟುಬಂದೆ ಅಂದರಂತೆ. ಇವರು ಖುಷೀಲಿ ಹೂಂ ಹೂಂ ಅಂದುಕೊಂಡು ತಂಗೀನ ಕರ್ಕೊಂಡು ಹೊರಟರು. ಮಿಕ್ಕ ಇಬ್ಬರು ಬೇರೆ ದಾರೀಲಿ ಹೋದರು, ಮಾವ ಬೀಗ ಹಾಕೋಕೆ ಉಳಿದರು.

ಬಾವಿ ಹತ್ತಿರ ಆ ಸದ್ದು ಕೇಳಿದಾಗ ಇವರು ಮನಸ್ಸಲ್ಲೇ ಲೆಕ್ಕ ಹಾಕಿದರಂತೆ. ಗಿಟಾರಿನವನು ಗಿಟಾರು ಬಾರಿಸ್ತಿದ್ದ. ಡ್ರಮ್ಮಿನವನು ಡ್ರಮ್ಮು. ಇವಳು ಕೊಳಲು. ತಾನು ಆರ್ಗನ್. ಮಾವನ ಪಕ್ಕ ಕೈ ಇಟ್ಟವರು ಯಾರು?

ಬೇಗ ಬಾ ಅಂತ ತಂಗಿ ಕೈ ಹಿಡಿದು ಎಳೆದರಂತೆ. ಹತ್ತು ಹೆಜ್ಜೆ ಹೋಗಿಲ್ಲ, ಅವಳು ನಿಂತಳು. ಸದ್ದು ದೂರ ಆಗಿ ಸಣ್ಣಗೆ ಬರ್ತಿತ್ತು. ಇವಳ ಮುಖ ಬಿಳುಚಿಕೊಂಡಿತ್ತು. ಪಿಸುಗುಟ್ಟಿದಳಂತೆ.

"ಅಣ್ಣಾ... ನಾನು ಉಸಿರಾಡ್ತಿಲ್ಲ."

"ಏನು ಹಾಗಂದ್ರೆ?"

"ತಾನಾಗೇ ಬರ್ತಿದೆ... ತಾನಾಗೇ ಹೋಗ್ತಿದೆ. ನಾನು ತಡೆದ್ರೂ ನಿಲ್ತಿಲ್ಲ."

ಇವರು ಅವಳ ಬೆನ್ನ ಮೇಲೆ ಅಂಗೈ ಇಟ್ಟು ನೋಡಿದರು. ದೂರದಲ್ಲಿ ಕಿರ್ರ್ ಅಂದಾಗ ಬೆನ್ನು ಏಳುತ್ತೆ. ಧಪ್ ಅಂದಾಗ ಇಳಿಯುತ್ತೆ. ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದರೆ ಸದ್ದು ಇನ್ನೂ ಸಣ್ಣ. ಅವಳ ತುಟಿ ನೀಲಿಯಾಗ್ತಾ ಬಂತು. ಮನೆ ಕಡೆ ಹೋದರೆ ಅವಳು ಉಳಿಯಲ್ಲ. ಇವರಿಗೆ ಅಷ್ಟು ಸಾಕಾಯ್ತು. ವೈರಿನ ಸುರುಳಿ ಅಲ್ಲೇ ಬಿಸಾಕಿ, ತಂಗೀನ ಎತ್ತಿಕೊಂಡು ವಾಪಸ್ ಓಡಿದರು. ಮಾವ ಆಗ ತಾನೇ ಬಾಗಿಲಿಗೆ ಬೀಗ ಹಾಕ್ತಿದ್ದರಂತೆ. ಇವರ ಮುಖ ನೋಡಿ ಒಂದು ಮಾತೂ ಕೇಳದೆ ಮತ್ತೆ ತೆಗೆದರು. ಬಾಗಿಲು ತೆಗೆದ ತಕ್ಷಣ ಸದ್ದು ಜೋರಾಗಿ ಬಂತು. ಕಿರ್ರ್ರ್... ಧಪ್. ಅವಳ ತುಟಿಗೆ ಬಣ್ಣ ಬಂತು.

ಆರ್ಗನ್ ಮುಂದಿನ ಬೆಂಚಿನ ಮೇಲೆ ಅವಳನ್ನ ಮಲಗಿಸಿದರು. ಮಾವ ದಾರದ ಕಡೆ ಕೈ ಚಾಚಿದರಂತೆ. ಎರಡು ಸಲ ಎಳೆದುಬಿಡೋಣ, ಬಿಟ್ಟು ಹೋಗ್ತಾನೆ ಅಂತ. ನಿಮ್ಮ ಭಾವ ಆ ಕೈ ಗಟ್ಟಿಯಾಗಿ ಹಿಡಿದರು.

"ಅವನು ಬಿಟ್ರೆ ಇವಳ ಗತಿ?"

ಮಾವ ಕೈ ಹಿಂದಕ್ಕೆ ತಗೊಂಡರು.

ಆಮೇಲೆ ನಿಮ್ಮ ಭಾವ ಒಬ್ಬರೇ ಹಿಂದಕ್ಕೆ ಹೋದರು. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ, ಆ ಹಾಳು ಹಾಡು ಬರೆದದ್ದಕ್ಕೆ. ಆದರೆ ಅಲ್ಲಿ ಹೋದರಲ್ಲ, ಅದಕ್ಕೆ ಅವರ ಕಾಲಿಗೆ ಬೀಳಬೇಕು ಅನ್ಸುತ್ತೆ. ಬ್ಯಾಟರಿ ಇರಲಿಲ್ಲ. ಕತ್ತಲು. ಹಿಡಿ ಮೇಲೆ ಕೆಳಗೆ ಆಡ್ತಿರೋದು ಗಾಳಿಯಲ್ಲೇ ಗೊತ್ತಾಗ್ತಿತ್ತಂತೆ, ಮುಖಕ್ಕೆ ಬಡೀತಿತ್ತು. ತಡವರಿಸಿ ಅಂಚಿನಲ್ಲಿ ಕೈ ಇಟ್ಟರು. ಪಕ್ಕದಲ್ಲಿ ಯಾರ ಕೈಯೂ ತಗಲಲಿಲ್ಲ. ಆದರೆ ಹಿಡಿಯ ಮರ ಬೆವರಿನಿಂದ ಒದ್ದೆಯಾಗಿತ್ತಂತೆ. ಬೆಚ್ಚಗಿತ್ತಂತೆ.

ಜೊತೆಯಲ್ಲಿ ಒಂದು ಸಲ ಒತ್ತಿದರು. ಇನ್ನೊಂದು ಸಲ ಒತ್ತಿದರು.

ಮೂರನೇದಕ್ಕೆ ಪೂರ್ತಿ ಭಾರ ಇವರ ತೋಳಿಗೆ ಬಂತು. ಕಿವಿ ಪಕ್ಕದಲ್ಲೇ ಯಾರೋ ಹಾ... ಅಂತ ಉದ್ದಕ್ಕೆ ಉಸಿರು ಬಿಟ್ಟರು. ಹೊತ್ತ ಮೂಟೆ ಇಳಿಸಿದ ಮೇಲೆ ಬಿಡ್ತಾರಲ್ಲ, ಹಾಗೆ. ಆಮೇಲೆ ಆ ಕೋಣೇಲಿ ಇವರೊಬ್ಬರೇ.

ಈಗ ತಂಗಿಯ ಉಸಿರು ಇವರ ಕೈಲಿ. ಒತ್ತಿದರು... ಒತ್ತಿದರು. ಮಾವ ಆಚೆಯಿಂದ ಕೂಗಿ ಹೇಳ್ತಿದ್ದರಂತೆ, ಉಸಿರು ಆಡ್ತಿದೆ ಆಡ್ತಿದೆ, ಬಿಡಬೇಡ ಅಂತ. ನಾನು ಬಂದು ಕೈ ಕೊಡ್ಲಾ ಅಂತಾನೂ ಕೇಳಿದರು. ಇವರು ಬೇಡ ಅಂದರು. ಅಂಗೈ ಬೊಬ್ಬೆ ಎದ್ದು ಒಡೆದು ರಕ್ತ ಬಂತು. ಎಷ್ಟು ಹೊತ್ತು ಗೊತ್ತಿಲ್ಲ. ಮೇಲಿನ ಕಿಟಕಿಗಳಲ್ಲಿ ಬೂದು ಬೆಳಕು ಬಂತು.

ಆಗ ನಾದಿನಿ ಎದ್ದು ಕೂತಳಂತೆ. ಅಣ್ಣನ ಕೈ ಸೋತಿರುತ್ತೆ ಮಾವ, ಸಾಕು, ಅಂದಳು. ಅವರು ತಡೆಯೋದರ ಒಳಗೆ ತಾನೇ ದಾರ ಹಿಡಿದು ಎಳೆದಳು.

ಟಿಣ್... ಟಿಣ್.

ಎರಡು ಸಲ ಆಯ್ತು. ಇನ್ನೇನು ಮಾಡ್ತಾರೆ ಇವರು? ಕೈ ಬಿಟ್ಟರು. ತಿದಿ ಉಸ್ಸ್ ಅಂತ ಇಳೀತು. ಆಚೆ ಮಾವ ಎಣಿಸ್ತಿದ್ದರು. ಒಂದು... ಎರಡು... ಮೂರು... ಅವಳ ಕಣ್ಣು ಮೇಲಕ್ಕೆ ಹೋಯ್ತು. ನಾಲ್ಕು... ಐದು... ಇವರು ಕೋಣೆಯಿಂದ ಬಿದ್ದೂ ಎದ್ದೂ ಓಡಿಬಂದರು. ಏಳು ಅನ್ನುವಾಗ ಅವಳಿಗೆ ಕೆಮ್ಮು ಬಂತು. ಕೆಮ್ಮಿ, ಅತ್ತು, ಬೈದು... ಅಣ್ಣನ ಅಂಗಿಗೇ ಮೂಗು ಒರೆಸಿಕೊಂಡಳಂತೆ. ಅವಳದೇ ಉಸಿರು.

ಬೆಳಿಗ್ಗೆ ಆರಕ್ಕೆ ಮೂವರೂ ಮನೆಗೆ ಬಂದಾಗ ಬಾಗಿಲು ತೆಗೆದವಳು ನಾನು. ಇವರ ಅಂಗೈಗೆ ಬಟ್ಟೆ ಕಟ್ಟಿದವಳೂ ನಾನೇ. ಕತೆ ಕೇಳಿ ಮೂವರಿಗೂ ಮಂಗಳಾರತಿ ಮಾಡಿದೆ. ಆಮೇಲೆ ನಾದಿನೀನ ತಬ್ಬಿಕೊಂಡು ಕೂತೆ. ಡಾಕ್ಟರ್ ಹತ್ತಿರ ಕರ್ಕೊಂಡು ಹೋದೆವು, ಎದೆ ಗುಂಡುಕಲ್ಲಿನ ಹಾಗಿದೆ ಅಂದರು. ಮಾವ ಆ ಕೋಣೆಗೆ ಹಲಗೆ ಹೊಡೆಸಿದರು. ಬ್ಯಾಂಡು ಅಲ್ಲಿಗೆ ಮುಗೀತು. ಇಷ್ಟು ಅಲ್ಲಿದ್ದವರಿಗೆಲ್ಲ ಗೊತ್ತಿರೋದು.

ಇನ್ನು ಹೇಳೋದು ನನಗೆ ಮಾತ್ರ ಗೊತ್ತಿರೋದು. ಇನ್ನೂ ಹತ್ತಿರ ಬಾ.

ಅದಾದ ಎರಡು ತಿಂಗಳಿಗೆ ಒಂದು ರಾತ್ರಿ ಮಂಚ ಅಲುಗಿ ನನಗೆ ಎಚ್ಚರ ಆಯ್ತು. ನಿಮ್ಮ ಭಾವ ಗಾಢ ನಿದ್ದೇಲಿದ್ದಾರೆ, ಗೊರಕೆ ಹೊಡೀತಿದ್ದಾರೆ. ಬಲಗೈ ಮಾತ್ರ ಹೊದಿಕೆ ಮೇಲೆ ಆಡ್ತಿದೆ. ಮುಷ್ಟಿ ಕಟ್ಟಿಕೊಂಡು... ಮೇಲೆ... ಕೆಳಗೆ. ಮೇಲೆ... ಕೆಳಗೆ. ಪಾಪ, ಕನಸಲ್ಲೂ ಅದೇ ಅಂದುಕೊಂಡೆ. ಎರಡು ಕೈಲೂ ಆ ಕೈ ಗಟ್ಟಿಯಾಗಿ ಹಿಡಿದು ಎದೆಗೆ ಒತ್ತಿಕೊಂಡೆ. ನೆಮ್ಮದಿಯಾಗಿ ಮಲಗಲಿ ಅಂತ.

ಗೋಡೆ ಆಚೆ ನಾದಿನಿ ರೂಮಲ್ಲಿ ಮಂಚ ಕಟ್ ಅಂತು. ಆಮೇಲೆ ಕಾಲು ಒದೆಯೋ ಸದ್ದು. ಲೋಟ ಬಿದ್ದು ಉರುಳಿದ ಸದ್ದು. ಗೋಡೆಗೆ ಯಾರೋ ಉಗುರಲ್ಲಿ ಕೆರೆಯೋ ಸದ್ದು.

ನಾನು ಕೈ ಬಿಟ್ಟೆ.

ಇವರ ಕೈ ಮೇಲೆದ್ದಿತು. ಗೋಡೆ ಆಚೆ ಅವಳು ಹಾ ಅಂತ ಉಸಿರು ಎಳೆದುಕೊಂಡಳು.

ಬೆಳಿಗ್ಗೆ ಮೆಲ್ಲಗೆ ಕೇಳಿದೆ. ಏನೋ ಕೆಟ್ಟ ಕನಸು ಅತ್ತಿಗೆ, ಯಾರೋ ಎದೆ ಮೇಲೆ ಕೂತ ಹಾಗಾಯ್ತು ಅಂದಳು. ನಾನು ಹೂಂ ಅಂದು ಕಾಫಿ ಕೊಟ್ಟೆ. ಅವಳಿಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಹೇಳಿ ಏನು ಮಾಡಲಿ? ಹೇಳಿದರೆ ಇವರು ಹೆದರಿ ನಿದ್ದೆ ಮಾಡೋದೇ ಬಿಡ್ತಾರೆ.

ನೀನು ನಂಬು, ಬಿಡು. ಸುಳ್ಳು ಹೇಳಿ ನನಗೇನು ಬರಬೇಕಾಗಿದೆ. ಹಿಡಿದದ್ದು ಇದೇ ಕೈ, ಕೇಳಿದ್ದು ಇದೇ ಕಿವಿ. ಹೋದ ತಿಂಗಳು ಅವಳಿಗೆ ಜ್ವರ ಬಂದಿತ್ತಲ್ಲ, ಆ ಮೂರು ರಾತ್ರಿ ಇವರ ಬಲಗೈ ಬೇಗ ಬೇಗ ಆಡ್ತಿತ್ತು. ನಾನು ಎದ್ದು ಕೂತು ನೋಡ್ತಾನೇ ಇದ್ದೆ. ಈಗ ನಾನು ಅವರ ಎಡಗಡೆ ಮಲಗ್ತೀನಿ.