ಪೈಪಿನ ಮೇಲೆ ಮೂರು ಏಟು

...ಮೊದಲು ಆ ಬಾಗಿಲು ಹಾಕು. ಹಾಕು ಅಂದೆ. ಆಚೆ ಇಸ್ತ್ರಿ ಹೆಂಗಸರು ಊಟದ ಡಬ್ಬಿ ಬಿಚ್ಕೊಂಡು ಕೂತಿದ್ದಾರೆ, ಬಾಯಿ ಅಲ್ಲಿದ್ರೂ ಕಿವಿ ಇಲ್ಲೇ ಇರುತ್ತೆ. ಬೆಳಿಗ್ಗೆ ಅವರಿಗೆ ಬೇಕಾದಷ್ಟು ತಮಾಷೆ ತೋರಿಸಿದ್ದೀಯ, ಅಷ್ಟು ಸಾಕು. ಹಾಂ. ಈಗ ಆ ಸ್ಟೂಲ್ ಮೇಲೆ ಕೂತ್ಕೋ. ಕೂರಲ್ವಾ? ಸರಿ, ನಿಂತೇ ಇರು. ನಿಮ್ಮಮ್ಮನ ಹಠ. ಅವಳ ಜೊತೆ ಒಂದೇ ತಟ್ಟೇಲಿ ಉಂಡು ಬೆಳೆದವನು ನಾನು, ನನಗೆ ಗೊತ್ತಿಲ್ವಾ.

ಏನು ಕೇಳ್ದೆ ಬೆಳಿಗ್ಗೆ? ಇನ್ನೊಂದು ಸಲ ಹೇಳು ನೋಡೋಣ. ಮ್ಯಾನೇಜರ್ ಎದುರಿಗೆ ಅಷ್ಟು ಜೋರಾಗಿ ಬಂತಲ್ಲ ಬಾಯಿ, ಈಗೇನಾಯ್ತು? ನಾನೇ ಹೇಳ್ತೀನಿ ಬಿಡು. "ಮಾವ, ಸ್ಟೀಮ್ ಬಿಡೋಕೆ ಮುಂಚೆ ಪೈಪಿಗೆ ಮೂರು ಏಟು ಹಾಕ್ತೀರಲ್ಲ, ಯಾವ ಸದ್ದು ಬಂದ್ರೆ ಸರಿ, ಯಾವ ಸದ್ದು ಬಂದ್ರೆ ತಪ್ಪು?" ಇದೇ ತಾನೆ? ಮ್ಯಾನೇಜರ್ ನನ್ನ ಮುಖ ನೋಡಿದ. ಆ ಇಸ್ತ್ರಿ ಅಜ್ಜಿ ಕೈಲಿದ್ದ ದುಪ್ಪಟಿ ಹಾಗೇ ಹಿಡ್ಕೊಂಡು ನಿಂತ್ಲು. ನಾನು ಏನು ಮಾಡಬೇಕಿತ್ತು? ನಿನಗೆ ಪಾಠ ಹೇಳ್ಕೊಂಡು ಕೂರಬೇಕಿತ್ತಾ? ಆರು ಆಸ್ಪತ್ರೆ, ಹನ್ನೆರಡು ಹೋಟೆಲು, ಅಷ್ಟೂ ಹಾಸಿಗೆ ಬಟ್ಟೆ ಗುಡ್ಡದ ಹಾಗೆ ಬಿದ್ದಿದೆ. ಸ್ಟೀಮ್ ಹೋಗದಿದ್ರೆ ಒಂದು ದಿಂಬಿನ ಚೀಲ ಕೂಡ ಒಣಗಲ್ಲ. ಆ ಹೊತ್ತಲ್ಲಿ ನಿನಗೆ ಸದ್ದಿನ ಚಿಂತೆ. ಎಲೆ ಎತ್ತೋ ಅಂದ್ರೆ ಉಂಡೋರೆಷ್ಟು ಅಂದನಂತೆ, ಹಾಗಾಯ್ತು.

ಬಂದು ಮೂರು ತಿಂಗಳಾಗಿಲ್ಲ. ನನ್ನ ಅಕ್ಕನ ಮಗಳು ಅಂತ ನಾನೇ ಮ್ಯಾನೇಜರ್ ಕಾಲಿಗೆ ಬೀಳೋದೊಂದು ಬಾಕಿ, ಅಷ್ಟು ಹೇಳಿ ಸೇರಿಸಿದ್ದು. ಬಾಯ್ಲರ್ ಮನೆಗೆ ಹೆಣ್ಣುಮಗಳಾ ಅಂತ ಎಲ್ಲರೂ ನಕ್ಕರು. ಅವಳಪ್ಪನ ಕೈ ಇಲ್ಲೇ ಹೋಯ್ತು, ಆ ಮನೆಗೆ ಒಂದು ಸಂಬಳ ಬರಲಿ ಅಂದೆ. ಅದಕ್ಕೆ ನೀನು ಕೊಟ್ಟ ಮರ್ಯಾದೆ ಇದು.

ಯಾಕೆ ನಗ್ತೀಯ? ನಗಲಿಲ್ವಾ? ತುಟಿ ಅಲ್ಲಾಡಿದ್ದು ನೋಡ್ದೆ ನಾನು.

ನೋಡು, ಕೆಲಸ ಅನ್ನೋದು ನೋಡಿ ಕಲಿಯೋದು. ನಾನು ನಿಮ್ಮಪ್ಪನ ಕೈಕೆಳಗೆ ಎರಡು ವರ್ಷ ಇದ್ದೆ. ಎರಡು ವರ್ಷದಲ್ಲಿ ಭಾವನಿಗೆ ಒಂದು ಪ್ರಶ್ನೆ ಹಾಕಿದ್ರೆ ಕೇಳು. ಒಂದೂ ಇಲ್ಲ. ಅವರು ಮಾಡಿದ್ದು ನೋಡ್ದೆ, ಹಾಗೇ ಮಾಡ್ದೆ. ಗೇಜ್ ನೋಡು ಅಂದ್ರೆ ನೋಡ್ದೆ, ಬೆಂಕಿ ಹಾಕು ಅಂದ್ರೆ ಹಾಕ್ದೆ. ಅವರೇ ಹತ್ತು ಸಲ ಅಂದಿದ್ದಾರೆ, ಗೊತ್ತಾಗದಿದ್ರೆ ಕೇಳೋ, ಸಂಕೋಚ ಬೇಡ ಅಂತ. ಗೊತ್ತಾಗದೆ ಏನು? ಸೇರುವಾಗಲೇ ಹೇಳಿದ್ದೆ ನಾನು, ಸ್ಟೀಮ್ ಕೆಲಸ ಗೊತ್ತು, ಮಾಡಿದ್ದೀನಿ ಅಂತ. ಹಾಗೆ ಹೇಳಿ ಸೇರಿದವನು ಮಾರನೇ ದಿನ ಹೋಗಿ, ಭಾವ ಇದೇನು, ಭಾವ ಅದೇನು ಅಂತ ಬಾಯಿ ಬಿಟ್ಕೊಂಡು ನಿಂತ್ರೆ ಅಕ್ಕನ ಮಾನ ಏನಾಗ್ಬೇಕು? ಅವಳ ಗಂಡನ ಮುಂದೆ ಅವಳ ತಮ್ಮ ದಡ್ಡ ಅನ್ನಿಸ್ಕೋಬೇಕಾ?

ಸುಳ್ಳಲ್ಲ. ಅದು... ಎಲ್ಲರೂ ಹೇಳೋದೇ. ಹೇಳದಿದ್ರೆ ಕೆಲಸ ಯಾರು ಕೊಡ್ತಾರೆ?

ನೀನೋ, ಬಂದ ದಿನದಿಂದ ಒಂದು ನೋಟ್‌ಬುಕ್. ಕೊಡು ಇಲ್ಲಿ ಅದನ್ನ. ಕೊಡು. ಬರೆದಿದ್ದೀಯಲ್ಲ ದೊಡ್ಡ ಪಂಡಿತೆ ಥರ, ಓದೋಣ. "ಬಾಯ್ಲರಿಂದ ಇಸ್ತ್ರಿ ಹಾಲಿಗೆ ಹೋಗೋ ಪೈಪು ನಡುವೆ ಯಾಕೆ ಬಗ್ಗಿದೆ?" ಬಗ್ಗಿದೆ ಯಾಕಂದ್ರೆ ಬಗ್ಗಿಸಿದ್ದಾರೆ. "ವಾಲ್ವ್ ಮುಚ್ಚಿದ ಮೇಲೆ ಪೈಪಲ್ಲಿ ಉಳಿದ ಸ್ಟೀಮ್ ಏನಾಗುತ್ತೆ?" ಆರಿ ನೀರಾಗುತ್ತೆ. ಆ ನೀರು ಅಲ್ಲೇ ಇರುವಾಗ ವಾಲ್ವ್ ಬಿಟ್ಟೆ ಅನ್ನು, ಹಿಂದಿಂದ ಬರೋ ಸ್ಟೀಮ್ ಆ ನೀರನ್ನ ಕವಣೆ ಕಲ್ಲು ಬೀಸಿದ ಹಾಗೆ ಬೀಸುತ್ತೆ, ಜಾಯಿಂಟ್ ಒಡೆಯುತ್ತೆ. ಅದಕ್ಕೇ ಮೊದಲು ಡ್ರೈನ್ ತೆಗೆದು ನೀರು ಬಿಡೋದು. ಇದು ನಿನಗೆ ಗೊತ್ತಿರೋದೇ ತಾನೆ? ನಿಮ್ಮಪ್ಪನ ಕೈ ನೋಡ್ಕೊಂಡು ಬೆಳೆದವಳಿಗೆ ಇದನ್ನೂ ಬರ್ಕೋಬೇಕಾ?

ಮುಂದೆ. "ಮಾವ ಡ್ರೈನ್ ಇಪ್ಪತ್ತು ನಿಮಿಷ ತೆಗೆದಿಡ್ತಾರೆ. ಅಪ್ಪ ಮೂರು ನಿಮಿಷ ಇಡ್ತಿದ್ರಂತೆ. ಯಾಕೆ?" ಓಹೋ. ಮ್ಯಾನೇಜರ್ ಕೇಳೋದೂ ಇದನ್ನೇ. ಬೆಳಿಗ್ಗೆ ಇಪ್ಪತ್ತು ನಿಮಿಷ, ಊಟ ಆದ್ಮೇಲೆ ಇಪ್ಪತ್ತು ನಿಮಿಷ, ಸ್ಟೀಮ್ ದಂಡ, ಹೊತ್ತು ದಂಡ ಅಂತಾನೆ. ಅವನಿಗೇನು ಗೊತ್ತು. ನಿಮ್ಮಪ್ಪ ಮೂರು ನಿಮಿಷ ಇಡ್ತಿದ್ರು, ಏನಾಯ್ತು ಕೊನೆಗೆ? ನಾನು ಇಪ್ಪತ್ತು ಇಡ್ತೀನಿ. ಹನ್ನೊಂದು ವರ್ಷದಲ್ಲಿ ಇಲ್ಲಿ ಯಾರಿಗಾದ್ರೂ ಒಂದು ಬೊಬ್ಬೆ ಬಂದಿದ್ಯಾ?

ಹೌದು, ಡ್ರೈನ್ ಇಪ್ಪತ್ತು ನಿಮಿಷ ಇಟ್ಟ ಮೇಲೆ ಏಟು ಯಾಕೆ ಅಂತ ಕೇಳ್ತೀಯ. ಮುಖ ನೋಡಿದ್ರೇ ಗೊತ್ತಾಗುತ್ತೆ ನಿನ್ನ ಪ್ರಶ್ನೆ. ಪದ್ಧತಿ. ಆಚೆಯವರಿಗೆ ಎಚ್ಚರಿಕೆ. ಟಣ್ ಟಣ್ ಟಣ್ ಅಂದ್ರೆ ಸ್ಟೀಮ್ ಬರ್ತಿದೆ, ಇಸ್ತ್ರಿ ರೋಲರಿಂದ ಕೈ ತೆಗೀರಿ ಅಂತ. ಅಷ್ಟೇ. ಸದ್ದಲ್ಲಿ ಸರಿ ಏನು, ತಪ್ಪೇನು? ಮನೇಲಿ ಅಪ್ಪ ಮಗಳು ಕೂತು ಚಮಚದಲ್ಲಿ ಚೊಂಬು ಬಡ್ಕೊಂಡು ಆಡ್ತಿದ್ರಲ್ಲ, ಆ ಆಟ ಅಲ್ಲ ಇದು.

ಯಾಕೆ ಹಾಗೆ ನೋಡ್ತೀಯ? ನಿಮ್ಮಪ್ಪನ ಬೆರಳಿಗೆ ಚಮಚ ನಿಲ್ಲಲ್ಲ, ಎರಡು ಮಣಿಕಟ್ಟಿನ ಮಧ್ಯೆ ಹಿಡ್ಕೊಂಡು ಬಡೀತಿದ್ರು. ನೋಡಿದ್ದೀನಿ ನಾನು. ಬಂದು ಹೋಗಿ ಮಾಡ್ದೆ ಇದ್ದವನೇನಲ್ಲ. ಅವರ ಅಂಗಿ ಗುಂಡಿ ನೀನು ಹಾಕೋದು ನೋಡಿದ್ದೀನಿ, ಅಕ್ಕ ಅನ್ನ ಕಲಸಿ ಬಾಯಿಗಿಡ್ತಾ ಬೈಯೋದು ಕೇಳಿದ್ದೀನಿ. "ಒಂದು ಗಳಿಗೆ ಮೈಮರೆತ್ರಿ, ಪೈಪಿಗೆ ಏಟು ಹಾಕದೆ ವಾಲ್ವ್ ಬಿಟ್ರಿ, ನಮ್ಮ ಬಾಳು ಹೋಯ್ತು." ಎಷ್ಟು ವರ್ಷದಿಂದ ಅನ್ನಿಸ್ಕೊಳ್ತಿದ್ದಾರೆ ಆ ಮನುಷ್ಯ. ತಲೆ ತಗ್ಗಿಸಿ ಅಗಿತಾರೆ, ಅಷ್ಟೇ. ಆಗ ನಾನು ಚಪ್ಪಲಿ ಮೆಟ್ಕೊಂಡು ಹೊರಡ್ತೀನಿ. ನೋಡೋಕಾಗಲ್ಲ.

ಹಾಗೆ ಬೈಬೇಡ ಅಂತ ಅವಳಿಗೆ ಹೇಳ್ಬೋದಿತ್ತು, ಹೌದು. ನಾನು ಹೇಳ್ಬೋದಿತ್ತು. ಹೇಳಲಿಲ್ಲ. ಬಿಡು.

ಈಗ ಈ ಕಾಗದದ ವಿಷಯಕ್ಕೆ ಬಾ. ಬಾಯ್ಲರ್ ಪರೀಕ್ಷೆಗೆ ನಿನ್ನ ಅರ್ಜಿ. ಫೋರ್‌ಮನ್ ಸೈನ್ ಬೇಕು, ನಾಳೆ ಕೊನೇ ದಿನ. ಪಾಸಾದ್ರೆ ನಿನ್ನ ಹೆಸರಲ್ಲಿ ಲೈಸೆನ್ಸು, ಮನೆಗೆ ನೆಟ್ಟಗೆ ಸಂಬಳ. ಗೊತ್ತು ನನಗೆ. ಸೈನ್ ಹಾಕಲ್ಲ ನಾನು. ಹಿರಿಯರ ಮಾತಿಗೆ ಎದುರು ಪ್ರಶ್ನೆ ಹಾಕೋರಿಗೆ ಬೆಂಕಿ, ನೀರು ಒಪ್ಪಿಸೋಕಾಗಲ್ಲ. ಹೋಗಿ ಇಸ್ತ್ರಿ ಹಾಲಲ್ಲಿ ದುಪ್ಪಟಿ ಮಡಿಚು. ಅಲ್ಲಿ ಪ್ರಶ್ನೆ ಕಮ್ಮಿ.

ನೋಟ್‌ಬುಕ್ ಆಮೇಲೆ ಕೊಡ್ತೀನಿ. ಕೈ ಯಾಕೆ ಚಾಚ್ತೀಯ? ಕೊನೇ ಪುಟದಲ್ಲಿ ಏನೋ ಇದೆ ಅನ್ನು. ನನ್ನ ಮೇಲೆ ದೂರಾ? ಓದೇ ಬಿಡೋಣ. "ಇಸ್ತ್ರಿ ಅಜ್ಜಿ ಹೇಳಿದ್ದು: ಅಪ್ಪನ ಕೈ ಸುಟ್ಟ ದಿನ ಹಾಲಲ್ಲಿ ಮೂರು ಏಟು ಕೇಳಿಸ್ತು. ಅಜ್ಜಿ ಆಗಲೇ ರೋಲರಿಂದ ಕೈ ತೆಗೆದ್ರಂತೆ. ಆಮೇಲೆ ದೊಡ್ಡ ಸದ್ದು. ಅಪ್ಪ ಏಟು ಹಾಕಲಿಲ್ಲ ಅಂದ್ರೆ..."

ಅಂದ್ರೆ...

ಆ ಮುದುಕಿಗೆ ಬುದ್ಧಿ ನೆಟ್ಟಗಿದ್ಯಾ? ನಿನ್ನೆ ತಂದ ಡಬ್ಬಿ ಎಲ್ಲಿಟ್ಟೆ ಅಂತ ಇವತ್ತು ಹುಡುಕ್ತಾಳೆ, ಹನ್ನೊಂದು ವರ್ಷದ ಹಿಂದಿನ ಸದ್ದು ನೆನಪಿದ್ಯಂತೆ. ಅವತ್ತು ವಿಚಾರಣೆಗೆ ಬಂದ ಅಧಿಕಾರಿ ಎಲ್ಲರನ್ನೂ ಕೇಳಿ ಬರ್ಕೊಂಡ. ಎಲ್ಲರನ್ನೂ ಅಂದ್ರೆ... ಬಾಯ್ಲರ್ ಮನೇಲಿದ್ದೋರನ್ನ. ಇದ್ದಿದ್ದು ಇಬ್ಬರೇ. ಭಾವ ಆಸ್ಪತ್ರೇಲಿ, ನಾನು ಇಲ್ಲಿ. ಇಸ್ತ್ರಿಯವರನ್ನ ಯಾರು ಕೇಳ್ತಾರೆ? ನೀನು ಹೋಗಿ ಕೇಳಿದ್ದೀಯ. ಹನ್ನೊಂದು ವರ್ಷದಲ್ಲಿ ಯಾರೂ ಹೋಗದೆ ಇದ್ದ ಕಡೆ ಹೋಗಿ ಕೇಳಿದ್ದೀಯ.

ಏನು, ನನ್ನ ಮೇಲೆ ಅನುಮಾನನಾ? ಹೇಳು. ನಾನಾಗ ಬೆಂಕಿ ಬಾಗಿಲ ಹತ್ರ ಇದ್ದೆ. ವಿಚಾರಣೆ ಕಾಗದದಲ್ಲಿ ಹಾಗೇ ಇದೆ, ತೆಗೆಸಿ ನೋಡು. ನಾನು ಏಟು ಹಾಕಿದ್ದು ಯಾರು ನೋಡಿದ್ರು?

...

ನೀನು ನನ್ನ ಹೆಸರು ಹೇಳಲೇ ಇಲ್ಲ, ಅಲ್ವಾ? ನಾನೇ ಹೇಳ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.

ಕೇಳು ಈಗ. ಬೆಳಿಗ್ಗೆಯಿಂದ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ದವಳು, ಈಗ ಕೇಳಬೇಕಾದ್ದು ಒಂದೇ ಒಂದಿದೆ, ಯಾಕೆ ಬಾಯಿ ಬಿಡಲ್ಲ? ಕೇಳೇ. ಬೈ. ಕೂಗು. ವಾಲ್ವ್ ಪಕ್ಕ ನಿಂತು ಹೀಗೆ ನೋಡಬೇಡ ನನ್ನ.

ಸೈರನ್ ಆಯ್ತು. ಒಳ್ಳೇದಾಯ್ತು. ಇದೆಲ್ಲ ಸಾಯಂಕಾಲ ನೋಡೋಣ. ಆ ಸ್ಪ್ಯಾನರ್ ಕೊಡು. ಟಣ್, ಟಣ್, ಟಣ್. ಆಯ್ತಾ? ಇನ್ನು ಜರುಗು ವಾಲ್ವ್ ಹತ್ರದಿಂದ. ಜರುಗು ಅಂದೆ, ಅಲ್ಲಿ ಹೆಂಗಸರು ಕಾಯ್ತಿದ್ದಾರೆ. ಏನು, ಅಡ್ಡ ನಿಲ್ತೀಯಾ? ಮೈಮೇಲೆ ಕೈ ಮಾಡೋ ಹಾಗೆ ಮಾಡ್ಬೇಡ ನನ್ನ. ಏನು ನೋಡ್ತಿದ್ದೀಯ ಕೆಳಗೆ? ಅಲ್ಲೇನಿದೆ...

ಡ್ರೈನ್.

ಡ್ರೈನ್ ತೆಗೆದಿಲ್ಲ ನಾನು. ಊಟಕ್ಕೆ ಬಿಟ್ಟಾಗ್ಲಿಂದ ಪೈಪು ಆರ್ತಾ ಇದೆ. ನಿನಗೆ ಬೈಯೋ ಗಲಾಟೇಲಿ ಮರ್ತೇಬಿಟ್ಟೆ. ಏಟು ಮಾತ್ರ ಹಾಕ್ದೆ. ಮೂರೂ ಹಾಕ್ದೆ. ಹಾಕಿ ವಾಲ್ವಿಗೆ ಕೈಯಿಡೋಕೆ ಹೊರಟೆ, ನೀನು ಅದರ ಮುಂದೇ ನಿಂತಿದ್ದೆ.

ಕೂತ್ಕೋತೀನಿ ಇರು. ಆ ಸ್ಟೂಲ್ ಇತ್ತ ತಳ್ಳು.

ಅವತ್ತೂ ಹೀಗೇ. ಹೀಗೇ ಹಾಕ್ದೆ. ಭಾವ ಡ್ರೈನ್ ತೆಗೆದು ಬೆಂಕಿ ಬಾಗಿಲ ಹತ್ರ ಹೋಗಿದ್ರು, ಬೆಂಕಿ ಸರಿಯಾಗಿ ಹತ್ತಿಕೊಳ್ತಿರಲಿಲ್ಲ, ಹೊತ್ತಾಗಿತ್ತು. "ನೀನು ಏಟು ಹಾಕಿ ನೋಡೋ" ಅಂದ್ರು. ಎರಡು ವರ್ಷ ಅವರು ಹಾಕುವಾಗೆಲ್ಲ ನಾನು ಬೆಂಕಿ ಬಾಗಿಲ ಕಡೆ, ಬೆನ್ನು ಹಾಕಿ ನಿಂತಿರ್ತಿದ್ದೆ. ಮೂರು ಅಂತ ಎಣಿಸಿದ್ದೆ, ಅಷ್ಟೇ ನಾನು ಕಲಿತಿದ್ದು. ಇಲ್ಲೇ, ವಾಲ್ವ್ ಪಕ್ಕ, ಒಂದೇ ಜಾಗಕ್ಕೆ ಮೂರು ಹಾಕ್ದೆ. ಭಾವ ಅಲ್ಲಿಂದಲೇ ಕೇಳಿದ್ರು, "ಹೇಗಿದೆ?"

ಹೇಗಿದೆ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಪೈಪಿಗೆ ಬಡಿದ್ರೆ ಹೇಗಿರುತ್ತೆ? ಹೇಗಿದೆ ಅಂದ್ರೆ ಏನು ಭಾವ ಅಂತ ಒಂದು ಮಾತು. ಒಂದೇ ಮಾತು ನಾಲಿಗೆ ತುದಿಗೆ ಬಂದಿತ್ತು, ಸತ್ಯವಾಗ್ಲೂ. ಎರಡು ವರ್ಷ ಆದ್ಮೇಲೆ ಇದನ್ನ ಕೇಳಿದ್ರೆ ಏನಂದ್ಕೋತಾರೆ ಅನ್ನಿಸ್ತು. "ಸರಿಯಾಗಿದೆ ಭಾವ" ಅಂದೆ. ಅವರು ನನ್ನ ಮಾತು ನಂಬಿ ಬಂದು ಡ್ರೈನ್ ಮುಚ್ಚಿದ್ರು. ಎರಡೂ ಕೈ ವಾಲ್ವ್ ಮೇಲಿಟ್ರು.

ಅಧಿಕಾರಿ ಬಂದು, ಪೈಪಲ್ಲಿ ನೀರಿದ್ಯಾ ಅಂತ ಬಡಿದು ನೋಡಿದ್ರಾ ಅಂದಾಗಲೇ ನನಗೆ ಗೊತ್ತಾಗಿದ್ದು ಅದು ಯಾತಕ್ಕೆ ಅಂತ. "ಇಲ್ಲ ಸಾರ್, ಯಾರೂ ಬಡೀಲಿಲ್ಲ" ಅಂದೆ. ಆಮೇಲೆ ಅವನು ಆಸ್ಪತ್ರೆಗೆ ಹೋದ. ನನ್ನ ಕಥೆ ಮುಗೀತು ಅಂದ್ಕೊಂಡೆ. ಭಾವ ಬ್ಯಾಂಡೇಜ್ ಒಳಗಿಂದ, "ಹೌದು, ನಾನೇ ಮರೆತೆ" ಅಂದ್ರಂತೆ. ಯಾಕೆ ಹಾಗಂದ್ರು? ನನಗೆ ಗೊತ್ತಿಲ್ಲ. ಅದನ್ನೂ ಕೇಳಿಲ್ಲ ನಾನು. ಅವರ ಜಾಗದಲ್ಲಿ ಬಂದು ಕೂತೆ.

ಸದ್ದು ಹೇಗಿರಬೇಕು ಅಂತ ಆಮೇಲಾದ್ರೂ ಕಲಿಬೋದಿತ್ತು ಅಂತೀಯ. ಯಾರನ್ನ ಕೇಳಲಿ? ನನಗೆ ಗೊತ್ತಿದ್ದ ಹಾಗೆ ತಿಳಿದವರು ಅವರೊಬ್ಬರೇ. ಅದಕ್ಕೇ ಇಪ್ಪತ್ತು ನಿಮಿಷ. ಗಡಿಯಾರ ನೋಡ್ಕೊಂಡು, ದಿನಾ ಎರಡು ಹೊತ್ತು, ಇಪ್ಪತ್ತು ನಿಮಿಷ. ನೀನು ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ರೆ ನಾನ್ಯಾಕೆ ಅಷ್ಟು ಕೂಗಾಡ್ತಿದ್ದೆ?

ತಗೋ. ಸ್ಪ್ಯಾನರ್ ತಗೋ. ನಿನಗೆ ಗೊತ್ತಿದೆ. ನಿಮ್ಮಪ್ಪ ಕಲಿಸಿದ್ದಾರೆ, ಆ ಚೊಂಬಲ್ಲಿ. ಒಂದು ಖಾಲಿ, ಒಂದರಲ್ಲಿ ನೀರು. ನಾನದನ್ನ ಮಕ್ಕಳಾಟ ಅಂದ್ಕೊಂಡೆ.

ಎಲ್ಲಿ ಬಡೀಬೇಕು? ಹೇಳ್ಕೊಡು ನನಗೆ.

ಹಾಂ. ವಾಲ್ವ್ ಹತ್ರ, ಟಣ್. ಮಧ್ಯದಲ್ಲಿ, ಟಣ್. ಕೆಳಗೆ ಬಗ್ಗಿರೋ ಕಡೆ... ಇನ್ನೊಂದು ಸಲ ಹಾಕು. ಇನ್ನೊಂದು ಸಲ. ಇದು ಬೇರೆ. ಮೇಲಿನ ಥರ ಗುಂಯ್ ಅನ್ನಲ್ಲ, ಮೊದ್ದಾಗಿ ನಿಂತುಬಿಡುತ್ತೆ. ಇದೇನಾ ನೀರು?

ಇಷ್ಟೇನಾ?

ಡ್ರೈನ್ ತೆಗಿ. ಯಾವಾಗ ಸಾಕು ಅಂತ ನೀನೇ ಹೇಳು, ನಾನು ಗಡಿಯಾರ ನೋಡಲ್ಲ. ಆ ಕಾಗದ ಇತ್ತ ಕೊಡು, ಸೈನ್ ಹಾಕ್ತೀನಿ. ಇದೇ ನನ್ನ ಕೊನೇ ಸೈನ್ ಆಗ್ಬೋದು. ಆಗಲಿ.

ಸಾಯಂಕಾಲ ನಿಮ್ಮನೆಗೆ ಬರ್ತೀನಿ. ನಿಮ್ಮಮ್ಮನೂ ಇರಲಿ, ಎಲ್ಲೂ ಹೋಗ್ಬೇಡ ಅನ್ನು. ಹೇಗಿದೆ ಅಂತ ಹನ್ನೊಂದು ವರ್ಷದ ಹಿಂದೆ ಕೇಳಿದ್ರು ನಿಮ್ಮಪ್ಪ. ಗೊತ್ತಿರಲಿಲ್ಲ ಭಾವ ಅಂತ ಹೇಳ್ಬೇಕು.